ಸದ್ದಿಲ್ಲದ ಇಂಡಿಕೇಟರ್

ಕೃಷ್ಣಮೂರ್ತಿಯವರ ಪ್ರಕಾರ ಮನುಷ್ಯರಲ್ಲಿ ಎರಡೇ ಜಾತಿ: ತಿರುಗುವ ಮುಂಚೆ ಇಂಡಿಕೇಟರ್ ಹಾಕುವವರು, ತಿರುಗಿದ ಮೇಲೆ ಹಾಕುವವರು. ಹಾಕದೇ ಇರುವವರನ್ನು ಅವರು ಮನುಷ್ಯರ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೈಸೂರಿನಿಂದ ಬಂದು, ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ತಲೆ ಬೆಳ್ಳಗಾಗುವವರೆಗೆ ದುಡಿದು, ನಿವೃತ್ತರಾಗಿ ಶ್ರೀಕಾರ್ಯಂನಲ್ಲೇ ಮನೆ ಕಟ್ಟಿಕೊಂಡ ಈ ಮನುಷ್ಯನಿಗೆ ಕೇರಳದ ಮಳೆ ಒಗ್ಗಿತ್ತು, ತೆಂಗಿನೆಣ್ಣೆಯೂ ಒಗ್ಗಿತ್ತು. ರಸ್ತೆ ಮಾತ್ರ ಒಗ್ಗಿರಲಿಲ್ಲ.

ನಾಲ್ಕೂ ದೀಪ ಒಟ್ಟಿಗೆ ಮಿಣುಕಿಸುತ್ತಾ ಜಂಕ್ಷನ್ ದಾಟುವ ಕಾರುಗಳನ್ನು ಕಂಡರೆ ಅವರ ಮೈ ಉರಿಯುತ್ತಿತ್ತು. ಕೆಟ್ಟು ನಿಂತ ಗಾಡಿಗೆಂದು ಇಟ್ಟ ಆ ದೀಪವನ್ನು ಇವರು ‘ನಾನು ನೇರ ಹೋಗುತ್ತೇನೆ’ ಎಂದು ಸಾರುವುದಕ್ಕೆ ಬಳಸುತ್ತಾರಲ್ಲ, ನೇರ ಹೋಗುವವನು ಅದನ್ನು ಊರಿಗೆಲ್ಲ ಯಾಕೆ ಹೇಳಬೇಕು? ಪಕ್ಕದಲ್ಲಿ ಬಸ್ಸೊಂದು ಅಡ್ಡವಿದ್ದರೆ ಕಾಣುವುದು ಒಂದು ಕಡೆಯ ದೀಪ ಮಾತ್ರ. ಅದನ್ನು ನಂಬಿ ಯಾವನೋ ಸ್ಕೂಟರಿನವನು ನುಗ್ಗಿದರೆ ಅವನ ಹೆಂಡತಿಗೆ ಉತ್ತರ ಹೇಳುವವರು ಯಾರು? ಲಾರಿಯವರದು ಇನ್ನೊಂದು ಶಾಸ್ತ್ರ. ಬಲಗಡೆಯ ದೀಪ ಮಿಣುಕಿದರೆ ‘ನನ್ನನ್ನು ದಾಟಿ ಹೋಗು’ ಎಂದೂ ಆಗಬಹುದು, ‘ನಾನು ಬಲಕ್ಕೆ ಬರುತ್ತಿದ್ದೇನೆ, ಸಾಯಬೇಡ’ ಎಂದೂ ಆಗಬಹುದು. ಆಟೋದವರ ವಿಷಯ ಬಂದರೆ ಕೃಷ್ಣಮೂರ್ತಿ ಮಾತೇ ಆಡುತ್ತಿರಲಿಲ್ಲ, ತಿರುಗುತ್ತೇನೆ ಎಂದು ಹೊರಗೆ ಚಾಚಿದ ಅವರ ಪಾದವನ್ನು ಕಣ್ಣಲ್ಲೇ ಸುಡುತ್ತಿದ್ದರು.

ಪಕ್ಕದೆಲೆಯ ನೊಣ ತೋರಿಸುವವನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುತ್ತದಂತೆ. ಹೋದ ಒಂದು ವರ್ಷದಿಂದ ಕೃಷ್ಣಮೂರ್ತಿಯವರ ಕಾರಿನದೇ ಇಂಡಿಕೇಟರ್ ಕೆಟ್ಟಿತ್ತು. ದೀಪ ಮಿಣುಕುತ್ತಿತ್ತು, ಮೀಟರ್ ಬೋರ್ಡಿನಲ್ಲಿ ಹಸಿರು ಬಾಣವೂ ಕುಣಿಯುತ್ತಿತ್ತು, ಆದರೆ ಟಿಕ್ ಟಿಕ್ ಸದ್ದು ನಿಂತುಹೋಗಿತ್ತು. ಸದ್ದಿಲ್ಲದಿದ್ದರೆ ಹಾಕಿದ ಇಂಡಿಕೇಟರ್ ಆರಿಸುವುದು ನೆನಪಾಗುವುದಿಲ್ಲ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಹಿಂದಕ್ಕೆ ತಂದರೆ ಅದು ಇಂಡಿಕೇಟರಿನ ಕಡ್ಡಿಯನ್ನು ತಾನೇ ತಟ್ಟಿ ಆರಿಸುತ್ತದೆ. ಹೆದ್ದಾರಿಯಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಮೆಲ್ಲಗೆ ಜಾರಿಕೊಂಡರೆ ಅಷ್ಟು ತಿರುವೇ ಇರುವುದಿಲ್ಲ, ಕಡ್ಡಿ ಹಾಕಿದಲ್ಲೇ ಕೂತಿರುತ್ತದೆ. ಹಾಗಾಗಿ ಕೃಷ್ಣಮೂರ್ತಿಯವರು ಎಷ್ಟೋ ಸಲ ಊರಿನಿಂದ ಊರಿಗೆ ‘ಬಲಕ್ಕೆ ತಿರುಗುತ್ತೇನೆ, ಬಲಕ್ಕೆ ತಿರುಗುತ್ತೇನೆ’ ಎಂದು ಸುಳ್ಳು ಹೇಳಿಕೊಂಡೇ ನೇರ ಹೋಗಿದ್ದರು. ಹಿಂದಿನವರು ಹಾರನ್ ಹೊಡೆದರೆ ಅವರ ಸಂಸ್ಕಾರವನ್ನು ಹಳಿಯುತ್ತಿದ್ದರು.

ಬಾಹ್ಯಾಕಾಶ ಕೇಂದ್ರದಲ್ಲಿ ಅವರ ಕೆಲಸವಿದ್ದದ್ದೇ ಇದು. ಏನಾದರೂ ಕೆಟ್ಟರೆ ಅದು ಯಾಕೆ ಕೆಟ್ಟಿತು ಎಂದು ಬೇರಿನವರೆಗೂ ಅಗೆದು ಹೇಳಬೇಕು. ಅವರ ಮುಂದೆ ಕೂತು ಕಾರಣ ಹೇಳಬೇಕಾದ ಕಿರಿಯರು ಬೆಳಿಗ್ಗೆ ತಿಂಡಿ ಬಿಟ್ಟು ಬರುತ್ತಿದ್ದರು ಎಂದು ಕೇಂದ್ರದಲ್ಲಿ ಪ್ರತೀತಿ. ಅಂಥವರು ಸ್ವಂತ ಕಾರನ್ನು ಬಿಡುತ್ತಾರೆಯೇ? ಹೆಂಡತಿ ಪ್ರೇಮ ಕಾಫಿ ತಂದಿಟ್ಟಾಗಲೆಲ್ಲ ಅವರಿಗೆ ಪಾಠ. ಹಳೇ ಕಾರುಗಳಲ್ಲಿ ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇರುತ್ತಿತ್ತು. ವಿದ್ಯುತ್ ಹರಿದರೆ ಕಾದು ಬಗ್ಗುವುದು, ಬಗ್ಗಿದರೆ ಸಂಪರ್ಕ ತಪ್ಪಿ ದೀಪ ಆರುವುದು, ಆರಿದರೆ ತಣ್ಣಗಾಗಿ ಮತ್ತೆ ನೆಟ್ಟಗಾಗುವುದು. ಹಾಗೆ ಬಗ್ಗಿ ಎದ್ದು ಮಾಡಿದ ಸದ್ದೇ ಟಿಕ್ ಟಿಕ್. ದುಡಿದದ್ದರ ಸದ್ದು, ಪ್ರಾಮಾಣಿಕ ಸದ್ದು. ಈಗ ಎಲ್ಲವನ್ನೂ ಕಂಪ್ಯೂಟರ್ ಮಾಡುತ್ತದೆ. ದೀಪ ಸದ್ದಿಲ್ಲದೆ ಹತ್ತಿ ಆರುತ್ತದೆ, ಟಿಕ್ ಟಿಕ್ ಎನ್ನುವುದು ಮೀಟರ್ ಬೋರ್ಡಿನ ಹಿಂದಿನ ಪುಟ್ಟ ಸ್ಪೀಕರು. ಮಿಮಿಕ್ರಿಯವನನ್ನು ಕೂರಿಸಿಕೊಂಡ ಹಾಗೆ, ಎನ್ನುತ್ತಿದ್ದರು ಕೃಷ್ಣಮೂರ್ತಿ. ಪ್ರೇಮ ತಲೆಯಾಡಿಸಿ ಲೋಟ ಎತ್ತಿಕೊಂಡು ಹೋಗುತ್ತಿದ್ದರು.

ಶ್ರೀಕಾರ್ಯಂನ ವರ್ಕ್‌ಶಾಪಿನವನು ಕಾರಿನೊಳಗೆ ತಲೆ ತೂರಿಸಿ, ಕಡ್ಡಿ ಒತ್ತಿ, ಕತ್ತು ಓರೆ ಮಾಡಿ, “ಸೌಂಡ್ ಉಂಡಲ್ಲೋ ಸಾರೇ,” ಎಂದಿದ್ದ. ಸದ್ದು ಇದೆಯಂತೆ! ಕೈಗೆ ಎಣ್ಣೆ ಹತ್ತಬಾರದು ಎಂದರೆ ಏನು ಬೇಕಾದರೂ ಹೇಳುತ್ತಾರೆ ಎಂದು ಕೃಷ್ಣಮೂರ್ತಿ ಅಲ್ಲೇ ಅವನ ನೀರಿಳಿಸಿ ಬಂದರು. ಇನ್ನೊಬ್ಬ ಬುದ್ಧಿವಂತ. ಇವರ ಮುಖ ನೋಡಿಯೇ ವಾದಕ್ಕೆ ಹೋಗದೆ “ಶರಿಯಾಕ್ಕಾಂ”, ಸರಿ ಮಾಡೋಣ ಎಂದು ಕಾರನ್ನು ಸಂಜೆಯವರೆಗೆ ಇಟ್ಟುಕೊಂಡು, ಬಲ್ಬುಗಳ ಬುಡದ ತುಕ್ಕು ಉಜ್ಜಿ, ಅರ್ತ್ ವೈರು ಬಿಗಿದು, ಸರಿಯಾಯಿತು ಎಂದು ಕೊಟ್ಟ. ಎಲ್ಲಿ ಸರಿಯಾಯಿತು? ಬಲ್ಬು ಸತ್ತರೆ ಉಳಿದ ದೀಪ ಹುಚ್ಚು ಹಿಡಿದಂತೆ ಬೇಗ ಬೇಗ ಮಿಣುಕುತ್ತದೆ, ಅರ್ತ್ ಕೆಟ್ಟರೆ ಮಂಕಾಗುತ್ತದೆ. ಸದ್ದಿಗೂ ಅದಕ್ಕೂ ಏನು ಸಂಬಂಧ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕೃಷ್ಣಮೂರ್ತಿ ಮನೆಗೆ ಬಂದು ಗಾದೆ ಹೇಳಿದರು. ಪ್ರೇಮ ಅಂದು ಯಾಕೋ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

ಹಾಗೆ ನೋಡಿದರೆ ನಿವೃತ್ತರಾದ ಮೇಲೆ ಅವರ ಕಣ್ಣಿಗೆ ಇಡೀ ಕೇರಳವೇ ಕೆಡುತ್ತಾ ಬಂದಿತ್ತು. ಟಿವಿಯಲ್ಲಿ ವಾರ್ತೆ ಓದುವವರು ಮಾತು ನುಂಗುತ್ತಿದ್ದರು. ಫೋನಿನ ನೆಟ್‌ವರ್ಕ್ ಹಾಳಾಗಿತ್ತು. ಅಂಗಡಿಯ ಹುಡುಗಿಯರು ಬಾಯೊಳಗೇ ಗೊಣಗುತ್ತಿದ್ದರು.

ಇಷ್ಟರ ಮಧ್ಯೆ ಬಂದದ್ದು ಮೇಧಾಳ ವಿಷಯ. ಒಬ್ಬಳೇ ಮಗಳು, ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ, ಎಡಪ್ಪಳ್ಳಿಯಲ್ಲಿ ಬಾಡಿಗೆ ಫ್ಲ್ಯಾಟು. ಅವಳು ಅಲ್ವಿನ್ ಎಂಬ ಮಂಗಳೂರಿನ ಹುಡುಗನನ್ನು ಮೆಚ್ಚಿದ್ದಾಳೆ, ಮದುವೆಯಾಗುತ್ತಾಳಂತೆ ಎಂದು ಪ್ರೇಮ ಒಂದು ದಿನ ಹುಳಿ ಬಡಿಸುತ್ತಾ ಹೇಳಿದರು. ಹುಡುಗ ಕಥೋಲಿಕ ಎನ್ನುವುದು ಕೃಷ್ಣಮೂರ್ತಿಯವರಿಗೆ ಚುಚ್ಚದೇ ಇರಲಿಲ್ಲ, ಆದರೆ ತಾನು ಅದನ್ನೆಲ್ಲ ಮೀರಿದವನು ಎಂದು ಜೀವಮಾನವಿಡೀ ಹೇಳಿಕೊಂಡು ಬಂದಿದ್ದರಿಂದ ಆ ಬಾಗಿಲು ಮುಚ್ಚಿಹೋಗಿತ್ತು. ಪುಣ್ಯಕ್ಕೆ ಇನ್ನೊಂದು ಬಾಗಿಲು ಸಿಕ್ಕಿತು. ಹುಡುಗನ ಕೆಲಸ ಏನೆಂದು ಕೇಳಿದರೆ, ಕಳಮಶ್ಶೇರಿಯ ಒಂದು ಕಂಪನಿಯಲ್ಲಿ ಕಾರುಗಳ ಒಳಗಿನ ಸದ್ದುಗಳನ್ನು ಮಾಡುತ್ತಾನಂತೆ. ಬೆಲ್ಟು ಹಾಕದಿದ್ದರೆ ಬರುವ ಸದ್ದು, ಬಾಗಿಲು ತೆರೆದಿದ್ದರೆ ಬರುವ ಸದ್ದು, ಇಂಡಿಕೇಟರಿನ ಸದ್ದು. ಅಂದರೆ ಮಿಮಿಕ್ರಿಯವನೇ. ಮಾವ ರಾಕೆಟ್ಟು ಹಾರಿಸಿದ, ಅಳಿಯ ಟಿಕ್ ಟಿಕ್ ಅನ್ನಿಸುತ್ತಾನೆ ಎಂದು ಅವರು ಕಂಡವರ ಮುಂದೆಲ್ಲ ಆಡಿಕೊಂಡರು. ಮಾತು ಎಡಪ್ಪಳ್ಳಿಗೂ ತಲುಪಿತು.

ಒಳಗಿನ ನೋವು ಬೇರೆಯೇ ಇತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮೇಧಾ ಚಿಕ್ಕವಳಿಂದಲೂ ಏನಿದ್ದರೂ ಮೊದಲು ಅಪ್ಪನಿಗೆ ಹೇಳುವವಳು. ಗಣಿತದಲ್ಲಿ ಫೇಲಾದಾಗಲೂ, ಕಾಲೇಜು ಬಿಡುತ್ತೇನೆ ಎಂದು ಅತ್ತಾಗಲೂ ಅಪ್ಪನ ಹತ್ತಿರವೇ ಬಂದಿದ್ದಳು. ಬದುಕಿನ ಅತಿ ದೊಡ್ಡ ಮಾತನ್ನು ಮಾತ್ರ ಅಮ್ಮನಿಗೆ ಹೇಳಿದಳು. ತಾನು ಹುಳಿಯ ಜೊತೆ ಬಡಿಸಿಕೊಂಡು ತಿಳಿಯಬೇಕಾಯಿತು. ಅದು ಅವರನ್ನು ಹಗಲೂ ರಾತ್ರಿ ಕೊರೆಯುತ್ತಿತ್ತು. ಮಗಳು ಓಣಂ ರಜೆಗೂ ಶ್ರೀಕಾರ್ಯಂಗೆ ಬರಲಿಲ್ಲ. ಕೊನೆಗೆ ಫೋನ್ ಮಾಡಿ, ಮುಂದಿನ ತಿಂಗಳು ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತೇವೆ, ಅದಕ್ಕೆ ಮುಂಚೆ ಭಾನುವಾರ ಊಟಕ್ಕೆ ಬನ್ನಿ, ಅಲ್ವಿನ್ ಬರುತ್ತಾನೆ, ಅವನನ್ನು ನೋಡಿ ಎಂದಳು. ಸರಿಯಾದ ಕಾರಣ ಕೊಟ್ಟು ಬೇಡ ಎಂದರೆ ಕೇಳುತ್ತೇನೆ. ಸುಮ್ಮನೆ ಗೇಲಿ ಮಾಡಿ ಕಳಿಸಿದರೆ ಮತ್ತೆ ನಾನು ಆ ಮನೆಗೆ ಬರುವುದಿಲ್ಲ ಎಂದೂ ಹೇಳಿದಳು. ಕೃಷ್ಣಮೂರ್ತಿ ಇದನ್ನು ಸ್ಪೀಕರಿನಲ್ಲಿ ಹಾಕಿಕೊಂಡು, ಪ್ರೇಮರಿಂದ ಎರಡೆರಡು ಸಲ ಹೇಳಿಸಿಕೊಂಡು ಕೇಳಿದರು. ಅವರಿಗೆ ಭಯವಾಯಿತು. ಭಯವಾದಾಗ ಅವರು ಇನ್ನಷ್ಟು ಗೇಲಿ ಮಾಡುತ್ತಿದ್ದರು.

ಭಾನುವಾರ ಬೆಳಿಗ್ಗೆಯೇ ಹೊರಟರು. ಹೆದ್ದಾರಿಯನ್ನು ಅಗಲ ಮಾಡುತ್ತಾ ಎಲ್ಲೆಲ್ಲೂ ಅಗೆದಿದ್ದರಿಂದ ಸಾಲು ಬದಲಿಸುತ್ತಲೇ ಇರಬೇಕು. ಒಂದೊಂದು ಸಲ ಬದಲಿಸಿದಾಗಲೂ ಸ್ವಲ್ಪ ಹೊತ್ತಿಗೆ ಪ್ರೇಮ ಗಂಡನ ಎಡಗೈಯನ್ನು ಮೆಲ್ಲಗೆ ಮುಟ್ಟುತ್ತಿದ್ದರು, ಆಗ ಇವರಿಗೆ ಇಂಡಿಕೇಟರ್ ನೆನಪಾಗಿ ಆರಿಸುತ್ತಿದ್ದರು. ಇದು ಹೋದ ವರ್ಷದಿಂದ ಬಂದ ಅಭ್ಯಾಸ. ಕೊಲ್ಲಂ ದಾಟುವಾಗ ಅವರು, ನಿನಗೆ ಕಾರಿನಲ್ಲಿ ಕೂರುವುದಕ್ಕೂ ಪುಕ್ಕಲು ಎಂದು ಹೆಂಡತಿಯನ್ನು ಹಂಗಿಸಿದರು. ಪ್ರೇಮ ಕಿಟಕಿಯ ಕಡೆ ತಿರುಗಿಕೊಂಡರು.

ಅಲ್ವಿನ್ ಬಡಕಲು ಹುಡುಗ. ಇಸ್ತ್ರಿ ಹಾಕಿದ ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಊರಿನಿಂದ ತಂದ ಹಲಸಿನ ಹಪ್ಪಳದ ಕಟ್ಟನ್ನು ಪ್ರೇಮರ ಕೈಗಿತ್ತು, ಕೃಷ್ಣಮೂರ್ತಿಯವರಿಗೆ ನಮಸ್ಕಾರ ಮಾಡಿ, ಹೇಳಿದ ಕಡೆ ಕೂತ. ಮೇಧಾ ಬಿಸಿಬೇಳೆಬಾತ್ ಮಾಡಿದ್ದಳು. ಕೃಷ್ಣಮೂರ್ತಿ ಊಟದ ಮೇಜನ್ನೇ ಪರಿಶೀಲನಾ ಸಭೆ ಮಾಡಿಕೊಂಡರು. ಇಡೀ ದಿನ ಕಂಪನಿಯಲ್ಲಿ ಕೂತು ಬಾಯಲ್ಲೇ ಟಿಕ್ ಟಿಕ್ ಎನ್ನುತ್ತೀರೋ, ಅದಕ್ಕೆ ಇಂಜಿನಿಯರಿಂಗ್ ಓದಬೇಕೋ ಎಂದು ಕೇಳಿದರು. ಮೇಧಾ ಚಮಚ ಕೆಳಗಿಟ್ಟಳು.

ಹುಡುಗ ಕೋಪ ಮಾಡಿಕೊಳ್ಳಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಸದ್ದು ತೀರಾ ಜೋರಾದರೆ ಡ್ರೈವರಿಗೆ ಸಿಟ್ಟು ಬರುತ್ತದೆ, ಮೆಲ್ಲಗಾದರೆ ಟೈರಿನ ಸದ್ದಿನಲ್ಲಿ ಮುಳುಗುತ್ತದೆ, ಹಾಡಿನ ತಾಳದ ಜೊತೆ ಬೆರೆತರೆ ಕೇಳಿಸಿದರೂ ಕೇಳಿಸದ ಹಾಗೆ ಆಗುತ್ತದೆ ಎಂದ. ಇನ್ನೂ ಏನೋ ಹೇಳಹೊರಟು, ವಯಸ್ಸಾದವರು ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿದ. ಅವನ ಗಾಂಭೀರ್ಯವೇ ಕೃಷ್ಣಮೂರ್ತಿಯವರನ್ನು ಕೆರಳಿಸಿತು. ಗೇಲಿಗೆ ಸಿಗದ ಮನುಷ್ಯನನ್ನು ಅವರು ಸಹಿಸುತ್ತಿರಲಿಲ್ಲ. ನನ್ನ ಕಾರಿನಲ್ಲಿ ಸದ್ದೇ ಸತ್ತಿದೆ, ತಿರುವನಂತಪುರದ ವರ್ಕ್‌ಶಾಪಿನವರಿಗೆ ಕಿವಿಯೂ ಇಲ್ಲ ಮಾನವೂ ಇಲ್ಲ, ನೀನಾದರೂ ಯಾಕೆಂದು ಹೇಳು, ಹೇಳಿದರೆ ನಿನ್ನ ಕಸುಬನ್ನು ಒಪ್ಪುತ್ತೇನೆ ಎಂದು ಕೈ ತೊಳೆದು ಎದ್ದರು. ಮೇಧಾ ಅಮ್ಮನ ಮುಖ ನೋಡಿದಳು. ಈಗ ಬೇಡ, ಊಟವಾದ ಮೇಲೆ ಸ್ವಲ್ಪ ಮಲಗಿ ಎಂದು ಪ್ರೇಮ ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಲ್ವರೂ ಫ್ಲ್ಯಾಟಿನ ಕೆಳಗಿನ ಪಾರ್ಕಿಂಗಿಗೆ ಇಳಿದರು. ಅಲ್ವಿನ್‌ನನ್ನು ಡ್ರೈವರ್ ಸೀಟಿಗೆ ಕೂರಿಸಿ ಕೃಷ್ಣಮೂರ್ತಿ ಪಕ್ಕದಲ್ಲಿ ಕೂತರು, ತಾಯಿ ಮಗಳು ಹಿಂದೆ. ಇಂಜಿನ್ ಬೇಡ, ಬರೀ ಕೀ ತಿರುಗಿಸು, ಕಿಟಕಿ ಮುಚ್ಚು ಎಂದು ಒಂದೊಂದಾಗಿ ಆಜ್ಞೆ ಮಾಡಿದರು. ಅಲ್ವಿನ್ ಕಡ್ಡಿ ಒತ್ತಿದ. ಹಸಿರು ಬಾಣ ಮಿಣುಕಿತು. ಕೃಷ್ಣಮೂರ್ತಿ ಕೈ ಕಟ್ಟಿಕೊಂಡು, ಹೇಗಿದೆ ಎನ್ನುವ ಹಾಗೆ ಹುಡುಗನನ್ನು ನೋಡಿದರು. ಅವರ ಪಾಲಿಗೆ ಕಾರಿನೊಳಗೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಅಲ್ವಿನ್ ತಲೆ ಎತ್ತಿ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದ. ಕೃಷ್ಣಮೂರ್ತಿಯೂ ನೋಡಿದರು. ಮೇಧಾ ಕನ್ನಡಿಯಲ್ಲಿ ಅವನಿಗೆ ಬಹಳ ಸಣ್ಣಗೆ ತಲೆಯಾಡಿಸಿದಳು, ಬೇಡ ಎಂದು. ಪ್ರೇಮ ಸೆರಗಿನ ಅಂಚನ್ನು ನೀವುತ್ತಾ ಕೂತಿದ್ದರು.

“ಹೌದು ಸರ್, ಸದ್ದಿಲ್ಲ,” ಎಂದ ಅಲ್ವಿನ್, ಕನ್ನಡಿಯಿಂದ ಕಣ್ಣು ತೆಗೆಯದೆ. “ಸ್ಪೀಕರ್ ಹೋಗಿರಬೇಕು.”

ಕೃಷ್ಣಮೂರ್ತಿಯವರಿಗೆ ಗೆದ್ದಂತಾಯಿತು. ಕೊನೆಗೂ ಒಬ್ಬ ಒಪ್ಪಿದ. ಹುಡುಗ ಅಷ್ಟೇನೂ ದಡ್ಡನಲ್ಲ ಎಂದುಕೊಳ್ಳುವಷ್ಟರಲ್ಲಿ ಅವರ ಕಣ್ಣು ಸ್ಟಿಯರಿಂಗಿನ ಮೇಲಿದ್ದ ಅವನ ಬೆರಳಿಗೆ ಬಿತ್ತು. ತೋರುಬೆರಳು ಮೆಲ್ಲಗೆ ಬಡಿಯುತ್ತಿತ್ತು. ಬಾಣ ಹತ್ತಿದಾಗ ಒಂದು, ಆರಿದಾಗ ಒಂದು. ಹುಡುಗನ ನೋಟ ಬಾಣದ ಮೇಲೆ ಇರಲೇ ಇಲ್ಲ, ಮೇಧಾಳ ಮುಖದ ಮೇಲಿತ್ತು. ಬೆರಳು ಮಾತ್ರ ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ಜೀವಮಾನವಿಡೀ ಇಂಥದ್ದನ್ನೇ ಹಿಡಿದು ಅನ್ನ ತಿಂದ ಮನುಷ್ಯನಿಗೆ ಅದನ್ನು ನೋಡದೆ ಬಿಡುವುದು ಸಾಧ್ಯವಿರಲಿಲ್ಲ.

“ಕಣ್ಣು ಮುಚ್ಚು,” ಎಂದರು. “ಬೆರಳು ಹಾಗೇ ಆಡ್ತಿರಲಿ.”

ಅಲ್ವಿನ್ ಕಣ್ಣು ಮುಚ್ಚಲಿಲ್ಲ. ಬೆರಳನ್ನು ಸ್ಟಿಯರಿಂಗಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಿಂದೆ ಮೇಧಾ ಉಸಿರು ಬಿಟ್ಟದ್ದು ಕನ್ನಡಿಯಲ್ಲಿ ಕಂಡಿತು.

ಕೃಷ್ಣಮೂರ್ತಿಯವರ ನಾಲಿಗೆಯ ತುದಿಯಲ್ಲಿ ಮಾತು ಸಿದ್ಧವಾಗಿತ್ತು. ಮಗಳು ಸರಿಯಾದ ಕಾರಣ ಕೇಳಿದ್ದಳಲ್ಲ, ಇಗೋ ಕಾರಣ: ಈ ಹುಡುಗ ನನ್ನ ಮುಖಕ್ಕೇ ಸುಳ್ಳು ಹೇಳಿದ. ಸುಳ್ಳು ಹೇಳುವವನಿಗೆ ಮಗಳನ್ನು ಕೊಡುವುದು ಹೇಗೆ? ಇದಕ್ಕಿಂತ ಒಳ್ಳೆಯ ಕಾರಣ ಇನ್ನೆಲ್ಲಿ ಸಿಕ್ಕೀತು? ಆದರೆ ಅವನು ಹೇಳಿದ್ದು ಸುಳ್ಳು ಎನ್ನಬೇಕಾದರೆ ಸದ್ದು ಇದೆ ಎನ್ನಬೇಕು. ಸದ್ದು ಇದೆ ಎಂದರೆ ವರ್ಕ್‌ಶಾಪಿನವನು ನಿಜ ಹೇಳಿದ್ದ. ಟಿವಿಯವರು ಮಾತು ನುಂಗಿರಲಿಲ್ಲ, ಅಂಗಡಿಯ ಹುಡುಗಿಯರು ಗೊಣಗಿರಲಿಲ್ಲ. ಒಂದು ವರ್ಷದಿಂದ ಕಾರಿನಲ್ಲಿ ಏನೂ ಕೆಟ್ಟಿರಲಿಲ್ಲ. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

“ಸದ್ದು ಇದೆಯಾ?” ಎಂದು ಕೇಳಿದರು.

ಈ ಸಲ ಅಲ್ವಿನ್ ಕನ್ನಡಿ ನೋಡಲಿಲ್ಲ. “ಉಂಟು ಸರ್. ಚೆನ್ನಾಗೇ ಕೇಳ್ತದೆ. ನಾನು ಹಾಗೆ ಹೇಳ್ಬಾರ್ದಿತ್ತು.”

ಕೃಷ್ಣಮೂರ್ತಿ ಹಿಂದಕ್ಕೆ ತಿರುಗಿ ಹೆಂಡತಿಯನ್ನು ನೋಡಿದರು. ಪ್ರೇಮ ಅದನ್ನೇ ಕಾಯುತ್ತಿದ್ದವರಂತೆ, ದನಿ ಏರಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: “ನಾನು ಹೇಳಿದ್ರೆ, ನನ್ನ ಕಿವೀನೇ ಸರಿಯಿಲ್ಲ ಅಂತಿದ್ರಿ. ಅದಕ್ಕೇ ಕೈ ಮುಟ್ತಿದ್ದೆ.”

ಅದು ನಿಜ. ಅವರು ಹಾಗೇ ಅನ್ನುತ್ತಿದ್ದರು. ಕಿವಿ ತೋರಿಸಲು ಡಾಕ್ಟರ ಹತ್ತಿರ ಹೆಂಡತಿಯನ್ನೇ ಕರೆದುಕೊಂಡು ಹೋಗುತ್ತಿದ್ದರು. ಮೂವರೂ ತನ್ನನ್ನು ಮಗುವಿನಂತೆ ಕಾಪಾಡಲು ನೋಡಿದರಲ್ಲ ಎಂಬುದು ಯಾವ ಬೈಗುಳಕ್ಕಿಂತಲೂ ಹೆಚ್ಚಾಗಿ ಅವರನ್ನು ಸುಟ್ಟಿತು. ಸುಟ್ಟದ್ದನ್ನು ಯಾರ ಮೇಲಾದರೂ ಚೆಲ್ಲಬೇಕಿತ್ತು. ಮಗಳ ಮೇಲೆ ಚೆಲ್ಲಿದರು. ನೀನೂ ಸೇರಿ ಮುಚ್ಚಿಟ್ಟೆ, ಇದನ್ನೂ ಮುಚ್ಚಿಟ್ಟೆ ಅದನ್ನೂ ಮುಚ್ಚಿಟ್ಟೆ, ಮದುವೆಯ ವಿಷಯವನ್ನು ಅಪ್ಪನೊಬ್ಬನನ್ನು ಬಿಟ್ಟು ಊರಿಗೆಲ್ಲ ಹೇಳಿದೆ ಎಂದರು. ಇಷ್ಟು ದಿನ ನುಂಗಿಕೊಂಡಿದ್ದ ಮಾತು ಅದು. ಹೊರಗೆ ಬಂದಾಗ ದನಿ ಒಡೆದಿತ್ತು.

ಮೇಧಾಳಿಗೆ ಮನೆಯಲ್ಲೂ ಅರ್ಧ ಮಲಯಾಳ, ಅರ್ಧ ಇಂಗ್ಲಿಷ್. ಈಗ ಮಾತ್ರ ಕನ್ನಡವನ್ನೇ ಹುಡುಕಿ ಹುಡುಕಿ ಆಡಿದಳು.

“ನಿಮಗೇ ಮೊದ್ಲು ಹೇಳಿದ್ದು, ಅಪ್ಪಾ. ಅಮ್ಮಂಗೂ ಹೇಳಿರ್ಲಿಲ್ಲ. ಹೋದ ವರ್ಷ, ಸ್ಟೇಷನ್ನಿಂದ ಕರ್ಕೊಂಡು ಬಂದ್ರಲ್ಲ, ಮುಂದಿನ ಸೀಟಲ್ಲಿ ರಿಪೇರಿ ಮಾಡಿಸಿದ ಮಿಕ್ಸಿ ಇತ್ತು, ನಾನು ಹಿಂದೆ ಕೂತಿದ್ದೆ. ಉಳ್ಳೂರ್ ಹತ್ರ ಎಲ್ಲಾ ಹೇಳ್ದೆ. ಅಲ್ವಿನ್ ಯಾರು, ಏನು, ಎಲ್ಲಾ. ನೀವು ಬಸ್ಸಿನವ್ನಿಗೆ ಬೈದ್ರಿ. ನನಗೆ ಏನೂ ಹೇಳ್ಲಿಲ್ಲ. ಅದೇ ನಿಮ್ಮ ಉತ್ತರ ಅಂದ್ಕೊಂಡೆ.”

ಕೃಷ್ಣಮೂರ್ತಿಯವರಿಗೆ ಆ ಬಸ್ಸು ಚೆನ್ನಾಗಿ ನೆನಪಿತ್ತು. ಇಂಡಿಕೇಟರ್ ಹಾಕದೆ ಎಡಕ್ಕೆ ನುಗ್ಗಿದ ಕೆಂಪು ಬಸ್ಸು, ಅದರ ಹಿಂದೆ ಅಂಟಿಸಿದ್ದ ಆಭರಣದಂಗಡಿಯ ಜಾಹೀರಾತು, ಕಿಟಕಿಯಿಂದ ಕತ್ತು ಹಾಕಿ ತಾವು ಆಡಿದ ಮಾತು, ಅದಕ್ಕೆ ಡ್ರೈವರ್ ನಕ್ಕದ್ದು, ಎಲ್ಲವೂ ನೆನಪಿತ್ತು. ವಾರವಿಡೀ ಅದನ್ನು ಹೇಳಿಕೊಂಡು ತಿರುಗಿದ್ದರು. ಹಿಂದಿನ ಸೀಟಿನಲ್ಲಿ ಮಗಳು ಆಡಿದ ಒಂದು ಮಾತೂ ನೆನಪಿರಲಿಲ್ಲ. ನೆನಪಿಡುವುದಕ್ಕೆ ಅದು ಅವರನ್ನು ತಲುಪಿಯೇ ಇರಲಿಲ್ಲ. ಒಂದು ವರ್ಷ ಅವಳು ಅಪ್ಪನ ಮೌನವನ್ನೇ ಉತ್ತರ ಎಂದುಕೊಂಡಿದ್ದಾಳೆ, ತಾನು ಅವಳು ಹೇಳಲೇ ಇಲ್ಲ ಎಂದು ಕೊರಗುತ್ತಾ ಕೂತಿದ್ದೆ ಎಂಬ ಲೆಕ್ಕ ಅವರಿಗೆ ಈಗ ಕೂಡಿತು.

ಅವರು ಬಾಗಿಲು ತೆರೆದು ಕೆಳಗಿಳಿದರು. ಸಿಟ್ಟಿನಿಂದ ಹೊರಟೇಹೋದರು ಎಂದುಕೊಂಡು ಅಲ್ವಿನ್ ಗಾಬರಿಯಿಂದ ತಾನೂ ಇಳಿಯಹೊರಟ. ಕೃಷ್ಣಮೂರ್ತಿ ಕಾರನ್ನು ಸುತ್ತು ಹಾಕಿ ಬಂದು, ಪ್ರೇಮರ ಕಡೆಯ ಬಾಗಿಲು ತೆರೆದು, ಅವರನ್ನು ಇಳಿಸಿ ಮುಂದಿನ ಸೀಟಿಗೆ ಕಳಿಸಿದರು. ತಾವು ಹಿಂದೆ ಕೂತು, ಬಾಗಿಲು ಎಳೆದುಕೊಂಡು, ಮೊಣಕಾಲು ತಿರುಗಿಸಿ, ಮಗಳ ಮುಖಕ್ಕೆ ಮುಖ ಕೊಟ್ಟರು.

“ಅವತ್ತು ಏನು ಹೇಳಿದ್ಯೋ, ಎಲ್ಲಾ ಇನ್ನೊಂದ್ಸಲ ಹೇಳು, ಮರಿ,” ಎಂದರು. “ನಾನು ಕೇಳ್ಲಿಲ್ಲ.”

ಮೇಧಾ ಕಣ್ಣೊರೆಸಿಕೊಂಡು, ಮುಂದೆ ಕೂತಿದ್ದ ಅಲ್ವಿನ್‌ನನ್ನು ಒಮ್ಮೆ ನೋಡಿ, ಮೊದಲಿನಿಂದ ಶುರು ಮಾಡಿದಳು. ಈ ಸಲ ಜೋರಾಗಿ ಹೇಳಿದಳು.